ನೋಡ್ ಮಾಡ್ಯೂಲ್ಸ್ ಫೋಲ್ಡರ್ ಅಳಿಸಿ ಪರವಾಗಿಲ್ಲ, ಲಾಕ್ ಫೈಲ್ ಮುಟ್ಟಬೇಡಿ

ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್ ಕೈಕೊಟ್ಟರೆ ನಮ್ಮ ಹುಡುಗರು ಮೊದಲು ಮಾಡುವ ಮದ್ದು ಒಂದೇ. ನೋಡ್ ಮಾಡ್ಯೂಲ್ಸ್ ಫೋಲ್ಡರ್ ಅಳಿಸು, ಪ್ಯಾಕೇಜ್ ಲಾಕ್ ಫೈಲನ್ನೂ ಅಳಿಸು, ಮತ್ತೆ ಇನ್‌ಸ್ಟಾಲ್ ಕೊಡು. ನೋಡ್ ಅಂದರೆ ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಫ್ಟ್‌ವೇರ್. ಅದಕ್ಕೆ ಪ್ಯಾಕೇಜ್, ಅಂದರೆ ಬೇರೆಯವರು ಬರೆದಿಟ್ಟ ಕೋಡ್, ತಂದುಕೊಡುವುದು ಎನ್‌ಪಿಎಂ. ತಂದದ್ದು ನೋಡ್ ಮಾಡ್ಯೂಲ್ಸ್‌ನಲ್ಲಿ ಕೂರುತ್ತದೆ, ಯಾವುದರ ಯಾವ ಆವೃತ್ತಿ ಬಂತು ಅನ್ನುವುದು ಲಾಕ್ ಫೈಲ್‌ನಲ್ಲಿ ಇರುತ್ತದೆ. ಇನ್ನು ಆ ಎರಡು ಅಳಿಸುವಿಕೆಯ ವಿಷಯ. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಎರಡನೆಯದಕ್ಕೆ ಇದೆ. ಯಾಕೆ ಅಂತ ಪ್ರತಿಯೊಬ್ಬ ಹೊಸಬರಿಗೂ ಹೇಳಿ ಹೇಳಿ ಸಾಕಾಯ್ತು, ಅದಕ್ಕೇ ಬರೆದಿಟ್ಟಿದ್ದೇನೆ.

ಶಿವಮೊಗ್ಗದಲ್ಲಿ ನಮ್ಮದು ಚಿಕ್ಕ ಆಫೀಸ್. ಅಡಿಕೆ ಮಂಡಿಗಳಿಗೆ ಲೆಕ್ಕ ಬರೆಯುವ ವೆಬ್ ಆಪ್ ಮಾಡುತ್ತೇವೆ. ದೊಡ್ಡ ಕಂಪನಿಯ ಹಾಗೆ ಇದಕ್ಕೇ ಅಂತ ಬೇರೆ ತಂಡ ಇಲ್ಲ. ಯಾರ ಲ್ಯಾಪ್‌ಟಾಪ್‌ನಲ್ಲಿ ಎಡವಟ್ಟಾದರೂ ನನ್ನ ಮೇಜಿಗೇ ಬರುತ್ತದೆ.

ಕಮ್ಯಾಂಡ್‌ಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ನೋಡ್ ಮತ್ತು ಮಾಡ್ಯೂಲ್ಸ್ ನಡುವೆ ಅಂಡರ್‌ಸ್ಕೋರ್ ಇದೆ, ಮರೆಯಬೇಡಿ.

ಒಂದು ಕೇಳಿದರೆ ಅರವತ್ತು ಬರುತ್ತದೆ

ಓದುತ್ತಾ ಹೋಗುವುದಕ್ಕಿಂತ ಕೈಯಲ್ಲಿ ಮಾಡಿ ನೋಡುವುದು ಒಳ್ಳೆಯದು. ಮಂಡಿ ಅಂತ ಒಂದು ಖಾಲಿ ಫೋಲ್ಡರ್ ಮಾಡಿ, ಅದರೊಳಗೆ ಹೋಗಿ ಈ ಎರಡು ಕಮ್ಯಾಂಡ್ ಕೊಡಿ.

ಎನ್‌ಪಿಎಂ ಇನಿಟ್ -ವೈ
ಎನ್‌ಪಿಎಂ ಇನ್‌ಸ್ಟಾಲ್ ಎಕ್ಸ್‌ಪ್ರೆಸ್@4

ಎಕ್ಸ್‌ಪ್ರೆಸ್ ಅಂದರೆ ವೆಬ್ ಸರ್ವರ್ ಬರೆಯಲು ಬಳಸುವ ಪ್ಯಾಕೇಜ್. ಅದರ ಆವೃತ್ತಿ 5 ಬಂದಿದೆ, ಗೊತ್ತು. ಆದರೆ ನಾನು ತೋರಿಸಬೇಕಾದ ವಿಷಯ 4ರಲ್ಲಿ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಬೇಕಂತಲೇ 4.

ನೀವು ಕೇಳಿದ್ದು ಒಂದು ಪ್ಯಾಕೇಜ್. ಬಂದದ್ದು ಅರವತ್ತಕ್ಕೂ ಜಾಸ್ತಿ. ನೋಡ್ ಮಾಡ್ಯೂಲ್ಸ್ ತೆರೆದರೆ ಅಕ್ಸೆಪ್ಟ್ಸ್, ಬಾಡಿ ಪಾರ್ಸರ್, ಬೈಟ್ಸ್, ಕುಕಿ, ಡೀಬಗ್ ಅಂತ ಸಾಲಾಗಿ ಫೋಲ್ಡರ್‌ಗಳು. ಒಂದೊಂದರಲ್ಲೂ ತನಗೆ ಯಾವ ಯಾವ ಪ್ಯಾಕೇಜ್ ಬೇಕು ಅಂತ ಹೇಳುವ ಅದರದ್ದೇ ಪ್ಯಾಕೇಜ್ ಡಾಟ್ ಜೇಸನ್ ಫೈಲ್ ಇದೆ, ಹೆಚ್ಚಿನದರಲ್ಲಿ ಲೈಸೆನ್ಸ್ ಮತ್ತು ರೀಡ್‌ಮೀ ಕೂಡ. ಎಕ್ಸ್‌ಪ್ರೆಸ್‌ಗೆ ಬೇಕಾದದ್ದು, ಅದಕ್ಕೆ ಬೇಕಾದದ್ದಕ್ಕೆ ಬೇಕಾದದ್ದು, ಹೀಗೆ ಸರಪಳಿ. ಎಲ್ಲವನ್ನೂ ತಂದು ಒಂದೇ ಮಟ್ಟದಲ್ಲಿ ಹರಡಿಟ್ಟಿದೆ.

ಎಲ್ಲವನ್ನೂ ಅಂದೆನಾ? ಪೂರ್ತಿ ಅಲ್ಲ. ಈಗ ಇದನ್ನು ಕೊಡಿ.

ಎನ್‌ಪಿಎಂ ಎಕ್ಸ್‌ಪ್ಲೇನ್ ಎಂಎಸ್

ಎಂಎಸ್ ಅನ್ನುವುದು ಪುಟಾಣಿ ಪ್ಯಾಕೇಜ್. 'ಎರಡು ದಿನ' ಅಂತ ಇಂಗ್ಲಿಷಿನಲ್ಲಿ ಕೊಟ್ಟರೆ 172800000 ಮಿಲಿಸೆಕೆಂಡ್ ಅಂತ ಹೇಳುತ್ತದೆ, ಅಷ್ಟೇ. ಆದರೆ ಉತ್ತರದಲ್ಲಿ ಎರಡು ಎಂಎಸ್ ಕಾಣುತ್ತವೆ. ಒಂದು 2.0.0, ಅದು ಇರುವ ಜಾಗ ನೋಡ್_ಮಾಡ್ಯೂಲ್ಸ್/ಎಂಎಸ್. ಇನ್ನೊಂದು 2.1.3, ಅದು ಇರುವುದು ನೋಡ್_ಮಾಡ್ಯೂಲ್ಸ್/ಸೆಂಡ್/ನೋಡ್_ಮಾಡ್ಯೂಲ್ಸ್/ಎಂಎಸ್. ಅಂದರೆ ಸೆಂಡ್ ಎಂಬ ಪ್ಯಾಕೇಜಿನ ಹೊಟ್ಟೆಯೊಳಗೆ ಇನ್ನೊಂದು ಪುಟ್ಟ ನೋಡ್ ಮಾಡ್ಯೂಲ್ಸ್ ಇದೆ.

ಕಾರಣ ಸರಳ. ಡೀಬಗ್ 2.6.9 ತನಗೆ ಎಂಎಸ್ 2.0.0 ಬೇಕು ಅನ್ನುತ್ತದೆ. ಸೆಂಡ್ ತನಗೆ 2.1.3 ಬೇಕು ಅನ್ನುತ್ತದೆ. ಒಂದೇ ಹೆಸರಿನ ಎರಡು ಫೋಲ್ಡರ್ ಒಂದೇ ಕಡೆ ಇಡಲು ಆಗುವುದಿಲ್ಲ. ಹಾಗಾಗಿ ಒಂದಕ್ಕೆ ಹೊರಗೆ ಜಾಗ, ಇನ್ನೊಂದಕ್ಕೆ ಕೇಳಿದವನ ಒಳಗೆ ಜಾಗ. ಮನೆಮಂದಿಗೆಲ್ಲ ಆಗುವ ಕೊಡೆ ಜಗಲಿಯಲ್ಲಿ, ಒಬ್ಬರಿಗೆ ಮಾತ್ರ ಬೇಕಾದದ್ದು ಅವರ ಕೋಣೆಯಲ್ಲಿ ಇದ್ದ ಹಾಗೆ.

ಇಲ್ಲೊಂದು ಎಚ್ಚರಿಕೆ. ಎನ್‌ಪಿಎಂ ಎಲ್‌ಎಸ್ ಕಮ್ಯಾಂಡ್ ತೋರಿಸುವ ಮರ ಬೇರೆ, ಡಿಸ್ಕ್ ಮೇಲಿರುವ ಫೋಲ್ಡರ್ ಜೋಡಣೆ ಬೇರೆ. ಎಲ್‌ಎಸ್ ಹೇಳುವುದು ಯಾರು ಯಾರನ್ನು ಕೇಳಿದರು ಅಂತ. ಎಲ್ಲಿಟ್ಟಿದೆ ಅಂತ ತಿಳಿಯಬೇಕಾದರೆ ಎಕ್ಸ್‌ಪ್ಲೇನ್. ಇವೆರಡನ್ನೂ ಒಂದೇ ಅಂದುಕೊಂಡು ತಲೆಕೆಡಿಸಿಕೊಳ್ಳುವವರು ಬಹಳ.

ನೋಡ್ ಹುಡುಕುವುದು ಹೇಗೆ

ಸೆಂಡ್‌ನ ಕೋಡ್‌ನಲ್ಲಿ ಎಂಎಸ್ ಬೇಕು ಅಂತ ರಿಕ್ವೈರ್ ಬರೆದಿರುತ್ತದೆ. ಯಾವ ಎಂಎಸ್ ಅಂತ ಬರೆದಿರುವುದಿಲ್ಲ. ನೋಡ್ ಆ ಫೈಲ್ ಇರುವ ಫೋಲ್ಡರ್‌ನಲ್ಲಿ ಒಂದು ನೋಡ್ ಮಾಡ್ಯೂಲ್ಸ್ ಇದೆಯಾ ಅಂತ ನೋಡುತ್ತದೆ. ಅದರಲ್ಲಿ ಸಿಕ್ಕರೆ ಅದೇ. ಇಲ್ಲದಿದ್ದರೆ ಒಂದು ಮೆಟ್ಟಿಲು ಮೇಲೆ. ಅಲ್ಲೂ ಇಲ್ಲದಿದ್ದರೆ ಇನ್ನೊಂದು. ಹೀಗೆ ಡಿಸ್ಕ್‌ನ ರೂಟ್ ತನಕ ಹೋಗುತ್ತದೆ. ಸೆಂಡ್‌ಗೆ ತನ್ನ ಒಳಗೇ 2.1.3 ಸಿಗುತ್ತದೆ. ಡೀಬಗ್‌ಗೆ ತನ್ನೊಳಗೆ ಏನೂ ಇಲ್ಲ, ಮೇಲೆ ಬಂದಾಗ 2.0.0 ಸಿಗುತ್ತದೆ. ಇಬ್ಬರಿಗೂ ಬೇಕಾದದ್ದೇ ಸಿಕ್ಕಿತು.

ನಿಮ್ಮ ಫೋಲ್ಡರ್‌ನಿಂದ ಹುಡುಕಾಟ ಯಾವ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ನೋಡಬೇಕಾ? ನೋಡ್ -ಪಿ ಅಂತ ಬರೆದು, ಮುಂದೆ ಉದ್ಧರಣ ಚಿಹ್ನೆಯೊಳಗೆ ಮಾಡ್ಯೂಲ್.ಪಾತ್ಸ್ ಕೊಡಿ. ಪೂರ್ತಿ ಪಟ್ಟಿ ಬರುತ್ತದೆ.

ಪ್ರಾಜೆಕ್ಟ್ ನಿಮ್ಮ ಹೋಮ್ ಫೋಲ್ಡರ್ (ಯಂತ್ರದಲ್ಲಿ ನಿಮ್ಮ ಹೆಸರಿನ ಫೋಲ್ಡರ್) ಒಳಗೆ ಇದ್ದರೆ ಆ ಪಟ್ಟಿಯಲ್ಲಿ ಅದೂ ಇರುತ್ತದೆ. ಇದೇ ಒಂದು ಹಳೇ ತೊಂದರೆಯ ಮೂಲ. ಯಾವತ್ತೋ ಹೋಮ್‌ನಲ್ಲಿ ನಿಂತು ಇನ್‌ಸ್ಟಾಲ್ ಕೊಟ್ಟಿರುತ್ತಾರೆ, ಅಲ್ಲೊಂದು ನೋಡ್ ಮಾಡ್ಯೂಲ್ಸ್ ಹುಟ್ಟಿರುತ್ತದೆ. ಆಮೇಲೆ ಹೊಸ ಫೋಲ್ಡರ್ ಮಾಡಿ ಇನಿಟ್ ಕೊಡದೆ ಸುಮ್ನೆ ಇನ್‌ಸ್ಟಾಲ್ ಕೊಟ್ಟರೆ, ಎನ್‌ಪಿಎಂ ಮೇಲೆ ಮೇಲೆ ಹುಡುಕುತ್ತಾ ಹೋಗಿ ಹೋಮ್‌ನಲ್ಲೇ ಪ್ಯಾಕೇಜ್ ಹಾಕಿಬಿಡುತ್ತದೆ. 'ಇನ್‌ಸ್ಟಾಲ್ ಆಯ್ತು ಅಂತಿದೆ, ಫೋಲ್ಡರ್ ಮಾತ್ರ ಕಾಣ್ತಿಲ್ಲ' ಅಂತ ಯಾರಾದರೂ ಬಂದರೆ ನಾನು ಮೊದಲು ಎನ್‌ಪಿಎಂ ರೂಟ್ ಅಂತ ಹೊಡೆಸುತ್ತೇನೆ. ಪ್ಯಾಕೇಜ್‌ಗಳು ಎಲ್ಲಿಗೆ ಹೋಗುತ್ತವೆ ಅನ್ನುವುದನ್ನು ಅದು ಒಂದೇ ಸಾಲಿನಲ್ಲಿ ಹೇಳುತ್ತದೆ.

ಹರಡಿಡುವ ಈ ಪದ್ಧತಿ ಮೊದಲಿನಿಂದ ಇರಲಿಲ್ಲ. ಎನ್‌ಪಿಎಂ 2ರ ಕಾಲದಲ್ಲಿ ಎಲ್ಲವೂ ಒಂದರೊಳಗೊಂದು ಆಳಕ್ಕೆ ಇಳಿಯುತ್ತಿತ್ತು. ವಿಂಡೋಸ್‌ನಲ್ಲಿ ಪಾತ್ 260 ಅಕ್ಷರ ದಾಟಿದರೆ ಕಷ್ಟ, ಫೋಲ್ಡರ್ ಅಳಿಸಲೂ ಆಗುತ್ತಿರಲಿಲ್ಲ. 2015ರಲ್ಲಿ ಬಂದ ಎನ್‌ಪಿಎಂ 3 ಎಲ್ಲವನ್ನೂ ಆದಷ್ಟು ಮೇಲಕ್ಕೆ ತಂದು ಹರಡಿತು. ನೋಡ್ ಶುರುಮಾಡಿದ ರಯಾನ್ ಡಾಲ್ 2018ರಲ್ಲಿ ತಾನು ವಿಷಾದಪಡುವ ಸಂಗತಿಗಳ ಪಟ್ಟಿ ಕೊಟ್ಟಾಗ ಅದರಲ್ಲಿ ಈ ಫೋಲ್ಡರ್ ಕೂಡ ಇತ್ತು. ನನಗೇನೋ ಇದು ಅಷ್ಟು ಕೆಟ್ಟದ್ದು ಅನ್ನಿಸಿಲ್ಲ. ಎರಡು ಆವೃತ್ತಿ ಜಗಳವಿಲ್ಲದೆ ಒಂದೇ ಪ್ರಾಜೆಕ್ಟ್‌ನಲ್ಲಿ ಬದುಕುವುದು ಸಣ್ಣ ಮಾತಲ್ಲ.

ಕೇಳದೇ ಸಿಕ್ಕ ಪ್ಯಾಕೇಜ್

ಆದರೆ ಹರಡಿಟ್ಟದ್ದರಿಂದ ಒಂದು ಕೆಟ್ಟ ಚಾಳಿಗೆ ದಾರಿಯಾಯಿತು. ಮಂಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ, ಅದರಲ್ಲಿ ಎಂಎಸ್ ಅನ್ನು ರಿಕ್ವೈರ್ ಮಾಡಿ ಓಡಿಸಿ. ಕೆಲಸ ಮಾಡುತ್ತದೆ. ನಿಮ್ಮ ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ಎಂಎಸ್ ಹೆಸರೇ ಇಲ್ಲ, ಆದರೂ ಕೆಲಸ ಮಾಡುತ್ತದೆ. ಮೇಲಿನ ಮಟ್ಟದಲ್ಲಿ ಬಿದ್ದಿದೆ, ನೋಡ್‌ಗೆ ಸಿಕ್ಕಿತು, ಅಷ್ಟೇ.

ಈಗ ಎಕ್ಸ್‌ಪ್ರೆಸ್ ಅನ್ನು 5ಕ್ಕೆ ಏರಿಸಿ, ಮತ್ತೆ ಎಕ್ಸ್‌ಪ್ಲೇನ್ ಕೊಟ್ಟು ನೋಡಿ. ಎಂಎಸ್ ಈಗ ಒಂದೇ ಇದೆ, ಅದೂ 2.1.3. ನಿಮ್ಮ ಕೋಡ್ ಬಳಸುತ್ತಿದ್ದ ಪ್ಯಾಕೇಜಿನ ಆವೃತ್ತಿ ನಿಮಗೆ ಹೇಳದೇ ಬದಲಾಯಿತು. ಎಂಎಸ್ ಆದ್ದರಿಂದ ಏನೂ ಆಗಲಿಲ್ಲ. ಮುಂದೊಂದು ದಿನ ಎಕ್ಸ್‌ಪ್ರೆಸ್‌ನವರು ಡೀಬಗ್, ಸೆಂಡ್ ಎರಡನ್ನೂ ಬಿಟ್ಟು ಬೇರೇನೋ ಹಾಕಿಕೊಂಡರೆ, ಎಂಎಸ್ ಮಾಯವೇ ಆಗಬಹುದು. ಆಗ ಮಾಡ್ಯೂಲ್ ಸಿಗಲಿಲ್ಲ ಅಂತ ಸರ್ವರ್ ಬೀಳುತ್ತದೆ. ನೀವು ಎಂಎಸ್ ವಿಷಯಕ್ಕೆ ಕೈಯೇ ಹಾಕಿರುವುದಿಲ್ಲ.

ಇಂಥವಕ್ಕೆ ಫ್ಯಾಂಟಮ್ ಡಿಪೆಂಡೆನ್ಸಿ ಅನ್ನುತ್ತಾರೆ. ನಮ್ಮಲ್ಲಿ ನಿಯಮ ಸರಳ. ನಿಮ್ಮ ಕೋಡ್‌ನಲ್ಲಿ ಇಂಪೋರ್ಟ್ ಅಥವಾ ರಿಕ್ವೈರ್ ಆಗುವ ಪ್ರತಿ ಹೆಸರೂ ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ಇರಲೇಬೇಕು. ಎಡಿಟರ್ ತಾನಾಗಿ ಇಂಪೋರ್ಟ್ ಸಾಲು ಸೇರಿಸಿದಾಗಲೇ ಇದು ಹೆಚ್ಚು ನುಸುಳುವುದು. ಕೋಡ್ ರಿವ್ಯೂನಲ್ಲಿ ನಾನು ಮೊದಲು ಕಣ್ಣು ಹಾಯಿಸುವುದು ಫೈಲಿನ ಮೇಲಿನ ನಾಲ್ಕು ಸಾಲಿನ ಮೇಲೆ.

ಲಾಕ್ ಫೈಲ್ ಅಂದರೆ ಈ ಫೋಲ್ಡರ್‌ನ ನಕಾಶೆ

ಪ್ಯಾಕೇಜ್ ಲಾಕ್ ತೆರೆಯಲು ಹುಡುಗರಿಗೆ ಭಯ. ಸಾವಿರಾರು ಸಾಲು, ಓದುವುದಕ್ಕಲ್ಲ ಅಂದುಕೊಂಡಿರುತ್ತಾರೆ. ಇನ್ನೊಂದು ಖಾಲಿ ಫೋಲ್ಡರ್‌ನಲ್ಲಿ ಮತ್ತೆ ಎಕ್ಸ್‌ಪ್ರೆಸ್ 4 ಹಾಕಿ, ಅಲ್ಲಿನ ಲಾಕ್ ಒಮ್ಮೆ ತೆರೆದು ಎಂಎಸ್ ಅಂತ ಹುಡುಕಿ. ಮೇಲೆ ಕಂಡ ಅದೇ ಎರಡು ಜಾಗದ ಹೆಸರು ಅಕ್ಷರಶಃ ಹಾಗೇ ಬರೆದಿದೆ. ಪ್ರತಿಯೊಂದರ ಕೆಳಗೆ ಆವೃತ್ತಿ, ಯಾವ ವಿಳಾಸದಿಂದ ಇಳಿಸಿದ್ದು, ಮತ್ತೆ ಶಾ-512 ಮೊಹರು, ಅಂದರೆ ಫೈಲಿನ ಒಳಗಿನದರಿಂದಲೇ ಲೆಕ್ಕ ಹಾಕಿದ ಗುರುತು. ಇಳಿಸಿದ ಫೈಲ್ ಆ ಮೊಹರಿಗೆ ಹೊಂದದಿದ್ದರೆ ಎನ್‌ಪಿಎಂ ಒಳಗೆ ಬಿಡುವುದಿಲ್ಲ.

ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ಎಕ್ಸ್‌ಪ್ರೆಸ್ ಮುಂದೆ ಒಂದು ಕ್ಯಾರೆಟ್ (^) ಚಿಹ್ನೆ ಇರುತ್ತದೆ, ನೋಡಿ. ಇದಕ್ಕಿಂತ ಹೊಸದು ಯಾವುದಾದರೂ ಸರಿ, 5 ಮತ್ತು ಅದರ ಮೇಲಿನವು ಮಾತ್ರ ಬೇಡ ಅಂತ ಅದರ ಅರ್ಥ. ಅದು ಬರೀ ಆಸೆ. ನಿಜವಾಗಿ ಏನು ಬಂತು ಅನ್ನುವುದು ಲಾಕ್‌ನಲ್ಲಿ. ಲಾಕ್ ಅಳಿಸಿ ಇನ್‌ಸ್ಟಾಲ್ ಕೊಟ್ಟರೆ ಎನ್‌ಪಿಎಂ ಎಲ್ಲ ಆಸೆಗಳನ್ನೂ ಹೊಸದಾಗಿ ಲೆಕ್ಕ ಹಾಕುತ್ತದೆ. ನೀವು ಒಂದು ಚಿಕ್ಕ ದೋಷ ಸರಿಮಾಡಲು ಹೋಗಿ ಹತ್ತಾರು ಪ್ಯಾಕೇಜ್ ಒಟ್ಟಿಗೆ ಏರಿಸಿರುತ್ತೀರಿ. ಯಾವುದರಿಂದ ಏನಾಯಿತು ಅಂತ ಆಮೇಲೆ ಹುಡುಕುತ್ತಾ ಕೂರಬೇಕು.

ಅಪಾಯ ಇನ್ನೂ ಒಂದಿದೆ. 2025ರ ಸೆಪ್ಟೆಂಬರ್‌ನಲ್ಲಿ ಡೀಬಗ್, ಚಾಕ್ ಮುಂತಾದ ಪ್ಯಾಕೇಜ್‌ಗಳ ನಿರ್ವಾಹಕರೊಬ್ಬರನ್ನು ಮೋಸದ ಇಮೇಲ್‌ನಿಂದ ಬಲೆಗೆ ಬೀಳಿಸಿ, ಕೆಟ್ಟ ಕೋಡ್ ಸೇರಿಸಿದ ಆವೃತ್ತಿಗಳನ್ನು ಪ್ರಕಟಿಸಿದರು. ಕೆಲವೇ ಗಂಟೆಗಳಲ್ಲಿ ಗೊತ್ತಾಗಿ ತೆಗೆದರು. ಆ ಹೊತ್ತಿನಲ್ಲಿ ಲಾಕ್ ಇಲ್ಲದೆ ಹೊಸದಾಗಿ ಇನ್‌ಸ್ಟಾಲ್ ಮಾಡಿದವರಿಗೆ ಅದು ಬರುವ ಸಾಧ್ಯತೆ ಇತ್ತು. ಲಾಕ್ ಹಿಡಿದು ನಡೆದವರಿಗೆ ಹಳೆಯದೇ ಬಂತು. ಎಕ್ಸ್‌ಪ್ರೆಸ್ 4 ಡೀಬಗ್‌ನ 2.6.9 ಅನ್ನೇ ಬಿಗಿಯಾಗಿ ಕೇಳುವುದರಿಂದ ಆ ದಾರಿಯಲ್ಲಂತೂ ತೊಂದರೆ ಇರಲಿಲ್ಲ.

ಆದ್ದರಿಂದ ಲಾಕ್ ಫೈಲ್ ಗಿಟ್‌ಗೆ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಲಕರಣೆ) ಹೋಗಬೇಕು, ನೋಡ್ ಮಾಡ್ಯೂಲ್ಸ್ ಹೋಗಬಾರದು. ಗಿಟ್ ಬಿಡಬೇಕಾದವುಗಳ ಪಟ್ಟಿಯಾದ ಗಿಟ್‌ಇಗ್ನೋರ್‌ನಲ್ಲಿ ಅದರ ಹೆಸರು ಮೊದಲ ದಿನವೇ ಹಾಕಿ. ಆಗಲೇ ಸೇರಿಹೋಗಿದ್ದರೆ ಗಿಟ್ ಆರ್‌ಎಂ -ಆರ್ --ಕ್ಯಾಶ್ಡ್ ನೋಡ್_ಮಾಡ್ಯೂಲ್ಸ್ ಕೊಟ್ಟು ಕಮಿಟ್ ಮಾಡಿ. ಡಿಸ್ಕ್‌ನಲ್ಲಿ ಉಳಿಯುತ್ತದೆ, ಗಿಟ್‌ನ ಲೆಕ್ಕದಿಂದ ಹೋಗುತ್ತದೆ.

ಬೇರೆಯವರ ಪ್ರಾಜೆಕ್ಟ್ ಕ್ಲೋನ್ ಮಾಡಿದಾಗ, ಸರ್ವರ್‌ನಲ್ಲಿ ಬಿಲ್ಡ್ ಮಾಡುವಾಗ, ಇಲ್ಲಾ ಫೋಲ್ಡರ್ ಕೆಟ್ಟಿದೆ ಅನ್ನಿಸಿದಾಗ ಎನ್‌ಪಿಎಂ ಸಿಐ ಬಳಸಿ. ಅದು ಇರುವ ನೋಡ್ ಮಾಡ್ಯೂಲ್ಸ್ ಅನ್ನು ತಾನೇ ಅಳಿಸುತ್ತದೆ. ಲಾಕ್‌ನಲ್ಲಿ ಇದ್ದದ್ದನ್ನೇ ತರುತ್ತದೆ. ಲಾಕ್‌ಗೂ ಪ್ಯಾಕೇಜ್ ಡಾಟ್ ಜೇಸನ್‌ಗೂ ತಾಳೆ ಆಗದಿದ್ದರೆ ಮುಂದೆ ಹೋಗದೆ ನಿಲ್ಲುತ್ತದೆ. ಹೊಸ ಪ್ಯಾಕೇಜ್ ಸೇರಿಸುವಾಗ ಮಾತ್ರ ಇನ್‌ಸ್ಟಾಲ್.

ಲಾಕ್ ಅಳಿಸಿ ಅಂತ ದೋಷದ ಸಂದೇಶವೇ ಹೇಳುವ ಒಂದು ಸಂದರ್ಭ ಇದೆ, ಅದನ್ನೂ ಹೇಳಿಬಿಡುತ್ತೇನೆ. ವೀಟ್ (ವೆಬ್ ಆಪ್ ಬಿಲ್ಡ್ ಮಾಡುವ ಸಲಕರಣೆ) ಬಳಸುವ ಕೆಲವು ಪ್ರಾಜೆಕ್ಟ್‌ಗಳಲ್ಲಿ ಅದಕ್ಕೆ ಬೇಕಾದ ರೋಲಪ್ ಎಂಬ ಪ್ಯಾಕೇಜ್ ತನ್ನ ಲಿನಕ್ಸ್ ಭಾಗ ಸಿಗಲಿಲ್ಲ ಅಂತ ನಿಂತುಬಿಡುತ್ತದೆ. ಆಪ್ಷನಲ್ ಡಿಪೆಂಡೆನ್ಸಿಗಳ (ಹಾಕಲಾಗದಿದ್ದರೂ ಇನ್‌ಸ್ಟಾಲ್ ನಿಲ್ಲದ ಪ್ಯಾಕೇಜ್‌ಗಳ) ವಿಷಯದಲ್ಲಿ ಎನ್‌ಪಿಎಂನಲ್ಲಿ ದೋಷ ಇದೆ, ಎರಡನ್ನೂ ಅಳಿಸಿ ಮತ್ತೆ ಪ್ರಯತ್ನಿಸಿ ಅಂತ ಅದೇ ತಿಳಿಸುತ್ತದೆ. ಬೇರೆ ಆಪರೇಟಿಂಗ್ ಸಿಸ್ಟಮ್‌ನ ಭಾಗಗಳು ಲಾಕ್‌ನಲ್ಲಿ ದಾಖಲಾಗದೇ ಹೋದಾಗ ಹೀಗಾಗುತ್ತದೆ. ಆಗ ಅಳಿಸಿ. ಆದರೆ ಅದನ್ನೇ ಒಂದು ಪ್ರತ್ಯೇಕ ಕಮಿಟ್ ಮಾಡಿ, ಏನೇನು ಏರಿತು ಅಂತ ಡಿಫ್ ನೋಡಿ, ಆಮೇಲೆ ಮುಂದುವರಿಯಿರಿ.

ಮಳೆಗಾಲದ ಉಪಾಯ

ಜುಲೈನಲ್ಲಿ ನಮ್ಮ ಕಡೆ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಫೋಲ್ಡರ್ ಅಳಿಸಿ ಕೂತವರು ಕೆಟ್ಟರು ಅಂತ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಎನ್‌ಪಿಎಂ ಒಮ್ಮೆ ಇಳಿಸಿದ್ದರ ಪ್ರತಿಯನ್ನು ಹೋಮ್ ಫೋಲ್ಡರ್‌ನಲ್ಲಿ ಡಾಟ್ ಎನ್‌ಪಿಎಂ ಒಳಗೆ ಇಟ್ಟುಕೊಂಡಿರುತ್ತದೆ. ವಿಂಡೋಸ್‌ನಲ್ಲಿ ಆಪ್‌ಡೇಟಾದ ಲೋಕಲ್ ಒಳಗೆ ಎನ್‌ಪಿಎಂ ಕ್ಯಾಶ್ ಅಂತ ಇದೆ. ಫೈಲ್‌ಗಳಿಗೆ ಅಲ್ಲಿ ಮೊಹರಿನ ಅಕ್ಷರಗಳೇ ಹೆಸರು, ಹಾಗಾಗಿ ಕಣ್ಣಿಗೆ ಏನೂ ಅರ್ಥವಾಗುವುದಿಲ್ಲ. ಮೊದಲೊಮ್ಮೆ ಅದೇ ಪ್ಯಾಕೇಜ್‌ಗಳನ್ನು ಹಾಕಿದ್ದ ಯಂತ್ರವಾದರೆ ಎನ್‌ಪಿಎಂ ಸಿಐ --ಆಫ್‌ಲೈನ್ ಅಂದರೆ ಸಾಕು. ಲಾಕ್ ಇದ್ದರೆ ಯಾವ ಆವೃತ್ತಿ ಬೇಕು ಅಂತ ಹೊರಗೆ ಕೇಳುವ ಅಗತ್ಯವೇ ಇಲ್ಲ. ನೆಟ್ ಇದ್ದೂ ನಿಧಾನವಾಗಿದ್ದರೆ --ಪ್ರಿಫರ್-ಆಫ್‌ಲೈನ್.

ಚುಕ್ಕೆಯಿಂದ ಶುರುವಾಗುವವು

ನೋಡ್ ಮಾಡ್ಯೂಲ್ಸ್ ಒಳಗೆ ಚುಕ್ಕೆ ಇಟ್ಟ ಹೆಸರುಗಳೂ ಇರುತ್ತವೆ. ಡಾಟ್ ಬಿನ್‌ನಲ್ಲಿ ಓಡಿಸುವ ಕಮ್ಯಾಂಡ್‌ಗಳು. ಎನ್‌ಪಿಎಂ ರನ್ ಕೊಟ್ಟಾಗ ಮೊದಲು ಇಲ್ಲೇ ಹುಡುಕುವುದು, ಅದಕ್ಕೇ ವೀಟ್ ಅನ್ನು ಗ್ಲೋಬಲ್ ಆಗಿ ಹಾಕುವ ಅಗತ್ಯವಿಲ್ಲ. ಡಾಟ್ ಪ್ಯಾಕೇಜ್ ಲಾಕ್ ಅನ್ನುವುದು ಎನ್‌ಪಿಎಂ 7ರಿಂದ ಬಂದ ಒಳಗಿನ ದಾಖಲೆ, ಫೋಲ್ಡರ್ ಪೂರ್ತಿ ತಡಕುವ ಕೆಲಸ ಉಳಿಸುತ್ತದೆ. ಡಾಟ್ ವೀಟ್, ಡಾಟ್ ಕ್ಯಾಶ್ ಇವು ಪ್ಯಾಕೇಜ್‌ಗಳೇ ಅಲ್ಲ, ಬಿಲ್ಡ್ ಮಾಡುವ ಸಲಕರಣೆಗಳು ತಮ್ಮ ಕೆಲಸಕ್ಕೆ ಮಾಡಿಕೊಂಡದ್ದು. ಬದಲಾಯಿಸಿದ್ದು ಬ್ರೌಸರ್‌ನಲ್ಲಿ ಕಾಣುತ್ತಿಲ್ಲ ಅಂದರೆ ಇಡೀ ಫೋಲ್ಡರ್ ಬೇಡ, ಡಾಟ್ ವೀಟ್ ಒಂದನ್ನು ಅಳಿಸಿ ನೋಡಿ.

ಆ್ಯಟ್ ಚಿಹ್ನೆಯಿಂದ ಶುರುವಾಗುವ ಫೋಲ್ಡರ್‌ಗಳು ಬೇರೆ ಕಥೆ. ಒಂದು ತಂಡದ ಪ್ಯಾಕೇಜ್‌ಗಳೆಲ್ಲ ಅದರೊಳಗೆ ಗುಂಪಾಗಿ ಇರುತ್ತವೆ. ಅಲ್ಲಿ ಇಎಸ್‌ಬಿಲ್ಡ್ ಎಂಬ ಗುಂಪು ಕಂಡರೆ ಒಳಗೆ ನೋಡಿ. ನಿಮ್ಮದು ವಿಂಡೋಸ್ ಆದರೆ ವಿನ್32 ಅಂತ, ಲಿನಕ್ಸ್ ಆದರೆ ಲಿನಕ್ಸ್ ಅಂತ ಒಂದು ಫೋಲ್ಡರ್ ಇರುತ್ತದೆ. ಒಳಗಿರುವುದು ಆ ಯಂತ್ರಕ್ಕೇ ತಯಾರಾದ ಬೈನರಿ. ಪೆನ್‌ಡ್ರೈವ್‌ನಲ್ಲಿ ಪ್ರಾಜೆಕ್ಟ್ ಪೂರ್ತಿ ಕಾಪಿ ಮಾಡಿಕೊಂಡು ಹೋಗಿ ಲಿನಕ್ಸ್‌ನಲ್ಲಿ ಓಡಿಸಿದರೆ, ಬೇರೆ ಪ್ಲಾಟ್‌ಫಾರ್ಮ್‌ಗೆ ಹಾಕಿದ್ದೀರಿ ಅಂತ ಬೈಯುತ್ತದೆ. ಕಾಪಿ ಮಾಡುವಾಗಲೂ ಸಾವಿರಾರು ಚಿಲ್ಲರೆ ಫೈಲ್, ಊಟ ಮುಗಿಸಿ ಬಂದರೂ ಮುಗಿದಿರುವುದಿಲ್ಲ. ಈ ಫೋಲ್ಡರ್ ಬಿಟ್ಟು ಉಳಿದದ್ದನ್ನು ಒಯ್ಯಿರಿ, ಅಲ್ಲಿ ಸಿಐ ಕೊಡಿ. ಡಾಕರ್ ಬಳಸುವವರು ಡಾಕರ್‌ಇಗ್ನೋರ್‌ನಲ್ಲೂ ಇದರ ಹೆಸರು ಹಾಕಬೇಕು, ಇದೇ ಕಾರಣಕ್ಕೆ.

ಡಿಸ್ಕ್ ತುಂಬಿದವರಿಗೆ ಪಿಎನ್‌ಪಿಎಂ

ಹತ್ತು ಪ್ರಾಜೆಕ್ಟ್ ಇದ್ದರೆ ಎನ್‌ಪಿಎಂ ಹತ್ತು ಪ್ರತಿ ಇಡುತ್ತದೆ. 256 ಜಿಬಿ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಇದು ನೋವಿನ ವಿಷಯ. ಎನ್‌ಪಿಎಂ ಬದಲು ಬಳಸಬಹುದಾದ ಪಿಎನ್‌ಪಿಎಂನ ದಾರಿ ಬೇರೆ. ಫೈಲ್‌ಗಳನ್ನು ಒಂದೇ ಉಗ್ರಾಣದಲ್ಲಿ ಇಡುತ್ತದೆ, ಪ್ರಾಜೆಕ್ಟ್‌ಗೆ ಹಾರ್ಡ್ ಲಿಂಕ್ ಕೊಡುತ್ತದೆ. ಹಾರ್ಡ್ ಲಿಂಕ್ ಅಂದರೆ ಡಿಸ್ಕ್ ಮೇಲಿನ ಅದೇ ಫೈಲ್‌ಗೆ ಇನ್ನೊಂದು ಹೆಸರು, ಜಾಗ ಎರಡನೇ ಸಲ ಹಿಡಿಯುವುದಿಲ್ಲ. ಉಗ್ರಾಣ ಎಲ್ಲಿದೆ ಅಂತ ಪಿಎನ್‌ಪಿಎಂ ಸ್ಟೋರ್ ಪಾತ್ ಹೇಳುತ್ತದೆ. ಯಾರೂ ಬಳಸದ್ದನ್ನು ಪಿಎನ್‌ಪಿಎಂ ಸ್ಟೋರ್ ಪ್ರೂನ್ ತೆಗೆಯುತ್ತದೆ. ಒಂದು ಮಾತು ಗಮನದಲ್ಲಿರಲಿ: ಹಾರ್ಡ್ ಲಿಂಕ್ ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಸಿ ಡ್ರೈವ್‌ನಲ್ಲಿ ಉಗ್ರಾಣ, ಡಿ ಡ್ರೈವ್‌ನಲ್ಲಿ ಪ್ರಾಜೆಕ್ಟ್ ಅಂದರೆ ಉಳಿತಾಯ ಇಲ್ಲ.

ಅದೇ ಎಕ್ಸ್‌ಪ್ರೆಸ್ 4 ಅನ್ನು ಖಾಲಿ ಫೋಲ್ಡರ್‌ನಲ್ಲಿ ಪಿಎನ್‌ಪಿಎಂನಿಂದ ಹಾಕಿ ನೋಡಿ. ಮೇಲಿನ ಮಟ್ಟದಲ್ಲಿ ಕಾಣುವ ಪ್ಯಾಕೇಜ್ ಎಕ್ಸ್‌ಪ್ರೆಸ್ ಒಂದೇ, ಅದೂ ಸಿಮ್‌ಲಿಂಕ್, ಅಂದರೆ ಬೇರೆ ಜಾಗಕ್ಕೆ ತೋರಿಸುವ ಕೊಂಡಿ. ಉಳಿದವೆಲ್ಲ ಡಾಟ್ ಪಿಎನ್‌ಪಿಎಂ ಒಳಗೆ, ಎಂಎಸ್@2.0.0, ಎಂಎಸ್@2.1.3 ಅಂತ ಹೆಸರಿನ ಜೊತೆಗೇ ಆವೃತ್ತಿ ಅಂಟಿಸಿಕೊಂಡು ಕೂತಿವೆ. ನಿಮ್ಮ ಫೈಲ್‌ನಿಂದ ಎಂಎಸ್ ರಿಕ್ವೈರ್ ಮಾಡಿದರೆ ಈಗ ಸಿಗುವುದಿಲ್ಲ. ಹಳೇ ಪ್ರಾಜೆಕ್ಟ್ ಒಂದನ್ನು ಪಿಎನ್‌ಪಿಎಂಗೆ ತಂದಾಗ ಮಾಡ್ಯೂಲ್ ಸಿಗಲಿಲ್ಲ ಅಂತ ಸಾಲುಸಾಲು ಬರುತ್ತದೆ, ಅಲ್ವಾ? ಅದು ಪಿಎನ್‌ಪಿಎಂ ಕೆಡಿಸಿದ್ದಲ್ಲ. ಕೇಳದೇ ಬಳಸುತ್ತಿದ್ದವೆಲ್ಲ ಹೊರಬಿದ್ದವು, ಅಷ್ಟೇ. ಒಂದೊಂದನ್ನೇ ಪಿಎನ್‌ಪಿಎಂ ಆ್ಯಡ್ ಮಾಡುತ್ತಾ ಹೋಗಿ. ಮಂಡಿಯವರಿಗೆ ಹೊಸ ಆವೃತ್ತಿ ಕೊಡಬೇಕಾದ ವಾರ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.

ಇಂಥದೇ ಇನ್ನೊಂದು ಸಲಕರಣೆ ಯಾರ್ನ್ ಇನ್ನೂ ಮುಂದೆ ಹೋಗಿದೆ. ಪ್ಲಗ್ ಆ್ಯಂಡ್ ಪ್ಲೇ ಅನ್ನುವ ಅದರ ಪದ್ಧತಿಯಲ್ಲಿ ನೋಡ್ ಮಾಡ್ಯೂಲ್ಸ್ ಇಲ್ಲವೇ ಇಲ್ಲ, ಜಿಪ್ ಫೈಲ್‌ಗಳಿಂದಲೇ ನೇರವಾಗಿ ಓದುತ್ತದೆ. ಕೆಲವು ಸಲಕರಣೆಗಳು ಅದಕ್ಕೆ ಒಗ್ಗುವುದಿಲ್ಲ. ನಾವು ಬಳಸುತ್ತಿಲ್ಲ.

ಒಳಗಿನ ಕೋಡ್ ತಿದ್ದಬೇಕಾದರೆ

ಪ್ಯಾಕೇಜಿನ ಒಳಗೇ ದೋಷ ಇದೆ, ಮೂಲದವರು ಸರಿಮಾಡುವ ತನಕ ಕಾಯಲಾಗುವುದಿಲ್ಲ. ಇಂಥ ಹೊತ್ತು ಬರುತ್ತದೆ. ಹುಡುಕುವುದಕ್ಕೆ ಅಂತ ನೋಡ್ ಮಾಡ್ಯೂಲ್ಸ್ ಒಳಗಿನ ಫೈಲ್‌ನಲ್ಲಿ ಒಂದು ಕನ್ಸೋಲ್ ಲಾಗ್ ಹಾಕಿದರೆ ನಾನೇನೂ ಅನ್ನುವುದಿಲ್ಲ, ನಾನೂ ಹಾಕುತ್ತೇನೆ. ಆದರೆ ತಿದ್ದಿದ್ದು ಅಲ್ಲೇ ಉಳಿದರೆ ಮುಂದಿನ ಸಿಐ ಅದನ್ನು ಒರೆಸಿಹಾಕುತ್ತದೆ. ಪಿಎನ್‌ಪಿಎಂನಲ್ಲಿ ಇನ್ನೂ ಕಷ್ಟ. ಹಾರ್ಡ್ ಲಿಂಕ್ ಆಗಿದ್ದರೆ ನೀವು ತಿದ್ದಿದ್ದು ಉಗ್ರಾಣದ ಫೈಲನ್ನೇ, ಪಕ್ಕದ ಪ್ರಾಜೆಕ್ಟ್‌ಗೂ ಅದು ತಗಲುತ್ತದೆ.

ಎನ್‌ಪಿಎಂ ಬಳಸುವವರು ಪ್ಯಾಚ್ ಪ್ಯಾಕೇಜ್ ಹಾಕಿಕೊಳ್ಳಿ. ಫೈಲ್ ತಿದ್ದಿ, ಎನ್‌ಪಿಎಕ್ಸ್ ಪ್ಯಾಚ್-ಪ್ಯಾಕೇಜ್ ಮುಂದೆ ಆ ಪ್ಯಾಕೇಜಿನ ಹೆಸರು ಕೊಡಿ. ಪ್ಯಾಚಸ್ ಫೋಲ್ಡರ್‌ನಲ್ಲಿ ಬರೀ ವ್ಯತ್ಯಾಸ ಉಳಿಯುತ್ತದೆ. ಅದನ್ನು ಗಿಟ್‌ಗೆ ಸೇರಿಸಿ, ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟ್‌ನಲ್ಲಿ ಪ್ಯಾಚ್-ಪ್ಯಾಕೇಜ್ ಅಂತ ಬರೆಯಿರಿ. ಪಿಎನ್‌ಪಿಎಂನಲ್ಲಿ ಇದು ಒಳಗೇ ಇದೆ. ಪಿಎನ್‌ಪಿಎಂ ಪ್ಯಾಚ್ ಕೊಟ್ಟರೆ ಒಂದು ತಾತ್ಕಾಲಿಕ ಫೋಲ್ಡರ್ ತೋರಿಸುತ್ತದೆ. ಅಲ್ಲಿ ತಿದ್ದಿ, ಪ್ಯಾಚ್-ಕಮಿಟ್ ಮುಂದೆ ಆ ಫೋಲ್ಡರ್‌ನ ದಾರಿ ಕೊಡಿ. ಪ್ಯಾಚ್ ಹಾಕಿದ ಪ್ಯಾಕೇಜನ್ನು ಏರಿಸುವ ದಿನ ಪ್ಯಾಚಸ್ ಫೋಲ್ಡರ್ ಒಮ್ಮೆ ತೆರೆದು ನೋಡಿ. ಮೂಲದವರು ಅಷ್ಟರಲ್ಲಿ ದೋಷ ಸರಿಮಾಡಿದ್ದರೆ ಪ್ಯಾಚ್ ಫೈಲ್ ಅಳಿಸಿಬಿಡಿ.